ಗೋಧಿ ಹುಗ್ಗಿಗೆ ಹೆದರಿದ ದಿನ

ಹಾವಿಗೆ ಹೆದರುವವರು, ಕತ್ತಲಿಗೆ ಹೆದರುವವರು, ಮೇಲಧಿಕಾರಿಗೆ ಹೆದರುವವರು ಎಲ್ಲ ಊರುಗಳಲ್ಲೂ ಇದ್ದಾರೆ. ಗೋಧಿ ಹುಗ್ಗಿಗೆ ಹೆದರಿದವನು ಬಹುಶಃ ನಾನೊಬ್ಬನೇ. ಅದೂ ಹೊರಗಿನ ಹುಗ್ಗಿಯಲ್ಲ. ನನ್ನ ಹೆಂಡತಿ ಕೈಯಾರೆ ಕುದಿಸಿ, ಗಸಗಸೆ ಉದುರಿಸಿ, ಮೇಲೆ ತುಪ್ಪ ಬಿಟ್ಟು ನನ್ನ ಮುಂದಿಟ್ಟ ಹುಗ್ಗಿ. ಬಟ್ಟಲಿನಿಂದ ಹಬೆ ಏಳುತ್ತಿತ್ತು, ನನ್ನ ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಆ ಬೆವರಿಗೆ ಕಾರಣ ಒಂದು ಪ್ರೇಮ ಕಾದಂಬರಿ. ಈ ವಯಸ್ಸಿನಲ್ಲಿ ಪ್ರೇಮ ಕಾದಂಬರಿ ಓದಿದ್ದೇ ತಪ್ಪು ಎಂದು ನೀವು ನಗಬಹುದು. ನಗಿ. ನಾನು ಒಪ್ಪಿಕೊಳ್ಳಲು ಹೊರಟಿರುವ ತಪ್ಪು ಅದಕ್ಕಿಂತ ದೊಡ್ಡದು.

ನಾನು ಮೆಟ್ರಿಕ್ ತನಕ ಓದಿದವನು. ಸೇಡಂ ಕಡೆಯಿಂದ ಹೈದರಾಬಾದಿಗೆ ಬಂದು, ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು, ಸೀರೆ ಬಿಚ್ಚುತ್ತ ಮಡಚುತ್ತ ಆಯುಷ್ಯ ಕಳೆದೆ. ಆ ಕೆಲಸ ನನಗೊಂದು ಚಟ ಅಂಟಿಸಿತು. ಯಾವ ಬಟ್ಟೆ ಕಂಡರೂ ಅದರ ಅಂಚನ್ನು ಎರಡು ಬೆರಳ ನಡುವೆ ಹಿಡಿದು ತಿಕ್ಕುವುದು, ತಿಕ್ಕಿ 'ಚ್' ಅನ್ನುವುದು. ಅಂಗಡಿಯಲ್ಲಿ ಗಿರಾಕಿಯ ಮುಂದೆ ನಮ್ಮದೇ ಮಾಲಿಗೆ 'ಚ್' ಅನ್ನುವಂತಿಲ್ಲವಲ್ಲ? ಅಲ್ಲಿ ನುಂಗಿಕೊಂಡ 'ಚ್'ಗಳನ್ನೆಲ್ಲ ಮನೆಗೆ ತಂದು ತಾಟಿನ ಮುಂದೆ ಬಿಡುತ್ತಿದ್ದೆ. ಜೋಳದ ರೊಟ್ಟಿಯ ಅಂಚನ್ನೂ ಬೆರಳಿಂದ ತಿಕ್ಕಿ ನೋಡುತ್ತಿದ್ದೆ. "ಸೀರಿ ಅಲ್ಲರಿ ಅದು, ಉಟ್ಟಗೊಳ್ಳೂದಿಲ್ಲ, ತಿನ್ನೂದು," ಎಂದು ಹೆಂಡತಿ ಮದುವೆಯಾದ ಹೊಸದರಲ್ಲಿ ಹೇಳುತ್ತಿದ್ದಳು. ಆಮೇಲೆ ಹೇಳುವುದನ್ನು ಬಿಟ್ಟಳು. ಅವಳು ಬಿಟ್ಟದ್ದನ್ನು ನಾನು ಒಪ್ಪಿಗೆ ಎಂದುಕೊಂಡೆ.

ಹೆಂಡತಿಯ ಹೆಸರು ವಿಮಲಾ, ತವರು ಜಹೀರಾಬಾದು. ಮನೆಮಾತು ಕನ್ನಡ, ಶಾಲೆ ತೆಲುಗು. ಅವಳ ತಾಯಿಯಿಂದ ಬಂದ ಒಂದು ಕಟ್ಟಳೆ ನಮ್ಮ ಅಡಿಗೆಮನೆಯನ್ನು ಇವತ್ತಿಗೂ ಆಳುತ್ತದೆ. ದೇವರಿಗೆ ಎಡೆ ಹಿಡಿಯುವ ಮೊದಲು ಅಡಿಗೆಯ ರುಚಿ ನೋಡಬಾರದು. ಒಗ್ಗರಣೆ ಸಾಕೇ, ಉಪ್ಪು ಬಿತ್ತೇ ಎಂಬುದನ್ನೆಲ್ಲ ವಾಸನೆಯಿಂದಲೇ ತಿಳಿಯಬೇಕು. ಎಡೆಯಾದ ಮೇಲೆ ಗಂಡಸರ ಊಟ, ಅದಾದ ಮೇಲೆ ಅವಳದು. ಹೀಗಾಗಿ ಅವಳ ಅಡಿಗೆಯನ್ನು ಮೊದಲು ಉಣ್ಣುವವನು ದೇವರು, ಎರಡನೆಯವನು ನಾನು. ದೇವರು ಯಾವತ್ತೂ 'ಚ್' ಅಂದವನಲ್ಲ. ಆ ಕೊರತೆಯನ್ನು ನಾನು ತುಂಬುತ್ತಿದ್ದೆ. ನಾನು ಎದ್ದು ಕೈತೊಳೆದು ಪೇಪರು ಹಿಡಿದ ಮೇಲೆ ಅವಳು ಒಳಗೆ ಉಣ್ಣುತ್ತಿದ್ದಳು. ಉಣ್ಣುತ್ತಿದ್ದಳು ಎಂದು ಬರೆದೆ, ನೋಡಿ ಬರೆದದ್ದಲ್ಲ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ನನ್ನ ಹೆಂಡತಿ ಊಟ ಮಾಡುವುದನ್ನು ನಾನು ಕೂತು ನೋಡಿರಲಿಲ್ಲ.

ಈಗ ಕಾದಂಬರಿಗೆ ಬರುತ್ತೇನೆ. ಕೆಲಸ ಬಿಟ್ಟು ಲಿಂಗಂಪಲ್ಲಿಯ ಫ್ಲ್ಯಾಟಿಗೆ ಬಂದು ಕೂತರೂ ತಿಂಗಳಿಗೊಮ್ಮೆ ಲೋಕಲ್ ರೈಲು ಹತ್ತಿ, ಇಳಿದು ಬಸ್ಸು ಹಿಡಿದು, ಸುಲ್ತಾನ್ ಬಜಾರಿಗೆ ಹೋಗಿ ಬರದಿದ್ದರೆ ನನಗೆ ಸಮಾಧಾನವಿಲ್ಲ. ಹಾಗೆ ಹೋದಾಗ ಫುಟ್‌ಪಾತಿನಲ್ಲಿ ಹಳೇ ಪುಸ್ತಕ ಹರಡಿಕೊಂಡಿದ್ದವನ ಹತ್ತಿರ ತೆಲುಗು ಅಡಿಗೆ ಪುಸ್ತಕಗಳ ರಾಶಿಯಲ್ಲಿ ಒಂದು ಕನ್ನಡ ಪುಸ್ತಕ ಕಂಡಿತು. ಮುಖಪುಟದಲ್ಲಿ ಹಿತ್ತಾಳೆ ತಾಟು, ಅದರ ತುಂಬ ಭಕ್ಷ್ಯಗಳು, ಅಂಚಿಗೊಂದು ಮಲ್ಲಿಗೆ ಮಾಲೆ. ಮಾರುವವನು ಲಿಪಿ ನೋಡಿ ತೆಲುಗು ಎಂದುಕೊಂಡಿದ್ದ, ತಾಟು ನೋಡಿ ಅಡಿಗೆ ಎಂದುಕೊಂಡಿದ್ದ. "ಲೇಲ್ಯೋ ಚಚಾ, ಪಕಾನೇ ಕೀ ಕಿತಾಬ್ ಹೈ, ಚಾಚಿ ಖುಷ್ ಹೋ ಜಾತೇ," ಅಂದ. ಅಡಿಗೆ ಪುಸ್ತಕ ತಗೊಳ್ಳಿ, ಚಿಕ್ಕಮ್ಮ ಖುಷಿಯಾಗುತ್ತಾರೆ ಎಂಬ ಆಶ್ವಾಸನೆ. ನಾನು ಒಳಗೆ ತೆರೆದು ಮೊದಲ ಪುಟದಲ್ಲೇ ಪ್ರೇಮವನ್ನು ಕಂಡು ಒಳಗೊಳಗೇ ನಕ್ಕು, ಪುಸ್ತಕವನ್ನು ಕೊಂಡುಕೊಂಡೆ. ಪುಸ್ತಕ ತೆರೆಯದೆ ಅದು ಏನೆಂದು ತಿಳಿದವನ ಬಗ್ಗೆ ನಕ್ಕೆ. ಮನೆಯಲ್ಲಿ ನಾನು ಮಾಡುತ್ತಿದ್ದದ್ದೂ ಅದನ್ನೇ ಎಂದು ಆಗ ಹೊಳೆಯಲಿಲ್ಲ.

ಅದರ ಹೆಸರು ಹೇಳುವುದಿಲ್ಲ. ಓದಿ ನಿಮ್ಮ ಮನೆಯ ಊಟವೂ ಕೆಡುವುದು ಬೇಡ.

ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಬೆಳಿಗ್ಗೆ ವಿಮಲಾ ರೊಟ್ಟಿ ಬಡಿಯಲು ಕೂತರೆ ನಾನು ಅಡಿಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಏನಾದರೂ ಓದಿ ಹೇಳುತ್ತೇನೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ ಎಂಬುದು ಮದುವೆಯ ದಿನದಿಂದ ನಾನು ನಂಬಿಕೊಂಡ ಸತ್ಯಗಳಲ್ಲಿ ಒಂದು. ಕಾದಂಬರಿಯನ್ನೂ ಹಾಗೇ ಶುರು ಮಾಡಿದೆ. ಕಥೆ ಬಹಳ ಸೊಗಸಾಗಿತ್ತು. ಮಂದಾಕಿನಿ ಎಂಬ ಹುಡುಗಿ, ಅವಳ ಕೈರುಚಿಗೆ ಸೋತ ಶ್ರೀಧರ. ಅವನು ಅವಳ ಮುಖ ನೋಡುವ ಮೊದಲೇ ಅವಳ ಎಣ್ಣೆಗಾಯಿ ತಿಂದು ಮನಸ್ಸು ಕೊಡುತ್ತಾನೆ. ಒಂದೊಂದು ಅಧ್ಯಾಯಕ್ಕೆ ಒಂದೊಂದು ಅಡಿಗೆ. ಮದುವೆಯಾದ ಮೇಲೆ ಶ್ರೀಧರ ಪ್ರತಿ ಊಟಕ್ಕೂ ನೂರಕ್ಕೆ ಇಷ್ಟು ಎಂದು ಅಂಕ ಕೊಡುತ್ತಾನೆ, ಅವಳು ಸೆರಗು ಕಚ್ಚಿ ನಗುತ್ತಾಳೆ. ರೊಟ್ಟಿಯ ತಪತಪ ಸದ್ದಿನ ನಡುವೆ ನಾನು ದನಿ ಏರಿಸಿ ಇಳಿಸಿ ಓದುತ್ತಿದ್ದೆ. ಅದು ಸಾಲದೆಂದು ನಾನೂ ಊಟಕ್ಕೆ ಅಂಕ ಕೊಡಲು ಶುರು ಮಾಡಿದೆ. ಶ್ರೀಧರ ತೊಂಬತ್ತರ ಮೇಲೆ ಕೊಡುತ್ತಿದ್ದ. ನಾನು ಸುಲ್ತಾನ್ ಬಜಾರಿನವನು, ಮೊದಲ ಮಾತಿಗೇ ಅರ್ಧಕ್ಕೆ ಕೇಳುವ ಗಿರಾಕಿಗಳ ನಡುವೆ ಬೆಳೆದವನು. ಐವತ್ತು ದಾಟುತ್ತಿರಲಿಲ್ಲ.

ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ಅವಳ ಅಡಿಗೆ ಕೆಟ್ಟಿತ್ತು. ಹಿಂದಿನ ವರ್ಷ ಅವಳಿಗೊಂದು ಜ್ವರ ಬಂದು ಹೋಗಿತ್ತು. ಅಲ್ಲಿಂದ ಒಂದು ದಿನ ಉಪ್ಪು ಕಡಿಮೆ, ಒಂದು ದಿನ ಹೆಚ್ಚು, ಒಂದು ದಿನ ಸಾರಿನಲ್ಲಿ ಉಪ್ಪೇ ಇಲ್ಲ. ಉಪ್ಪಿಗಿಂತ ರುಚಿಯಿಲ್ಲ ಎನ್ನುವ ಗಾದೆಯನ್ನು ನಾನು ತಾಟಿನ ಮುಂದೆ ಕೂತು ಎಷ್ಟು ಸಲ ಹೇಳಿದೆನೋ. ಗಾದೆಯ ಉಳಿದರ್ಧ ತಾಯಿಗಿಂತ ಬಂಧುವಿಲ್ಲ ಎಂದು, ಅದನ್ನು ಮಾತ್ರ ಬಿಟ್ಟು ಹೇಳುತ್ತಿದ್ದೆ. ವಯಸ್ಸಾಯಿತು, ಲಕ್ಷ್ಯ ಇಲ್ಲ, ಟಿವಿಯ ಮೇಲೆ ಧ್ಯಾನ ಎಂದು ತೀರ್ಪು ಕೊಟ್ಟಿದ್ದೆ. ಒಂದು ಭಾನುವಾರ ಮಗಳು ಅಳಿಯ ಊಟಕ್ಕೆ ಬಂದಿದ್ದರು. ಬ್ಯಾಳಿ ಬಾಯಿಗಿಟ್ಟರೆ ಉಪ್ಪಿನ ಸಮುದ್ರ. ಅಳಿಯ ತಲೆ ತಗ್ಗಿಸಿ ನೀರು ಕುಡಿಯುತ್ತಿದ್ದ.

"ಇದೇನು ಊಟನೋ, ಉಪ್ಪಿನ ಅಂಗಡಿಯೋ?" ಎಂದು ನಾನು ತಾಟನ್ನು ಎಡಗೈಯಿಂದ ದೂಡಿದೆ. ತಾಟು ನೆಲದ ಮೇಲೆ ಕಿರ್ ಎಂದು ಸರಿಯಿತು.

ನಮ್ಮ ಕಡೆ ಬಡಿಸಿದ ತಾಟನ್ನು ದೂಡುವುದೆಂದರೆ ಏನೆಂದು ನಿಮಗೆ ಗೊತ್ತಿದ್ದರೆ ಮುಂದೆ ಹೇಳಬೇಕಾಗಿಲ್ಲ. ಅನ್ನಕ್ಕೆ ಅವಮಾನ, ಬಡಿಸಿದ ಕೈಗೆ ಅದಕ್ಕಿಂತ ಹೆಚ್ಚು. ಮಗಳು, "ಅಪ್ಪಾ, ಸುಮ್ನಿರ್ರಿ," ಅಂದಳು. ವಿಮಲಾ ಬಗ್ಗಿ ತಾಟು ಎತ್ತಿಕೊಂಡು ಒಳಗೆ ಹೋದಳು. ಮರುದಿನ ರೊಟ್ಟಿ ಬಡಿಯುತ್ತ, "ಓದ್ರಿ ಮುಂದ. ಶ್ರೀಧರಪ್ಪ ಇವತ್ತ ಎಷ್ಟು ಮಾರ್ಕು ಕೊಟ್ಟ?" ಎಂದು ಕೇಳಿದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ಮುಂದಿನದನ್ನು ನಾಳೆ ಚೆನ್ನಾಗಿ ಓದಬೇಕೆಂದು ಸಂಜೆ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಲಿಂಗಂಪಲ್ಲಿ ಸ್ಟೇಷನ್ನಿನ ಬೆಂಚಿಗೆ ಹೋದೆ. ನನ್ನ ವಾಯುವಿಹಾರದ ಗುರಿ ಅದೇ. ಬರುವ ಲೋಕಲ್ಲು, ಇಳಿಯುವ ಜನ, ನಡುವೆ ಒಂದು ಚಹಾ. ಅಲ್ಲಿ ಕೂತು ಓದಿದ ಅಧ್ಯಾಯದಲ್ಲಿ ಕಾದಂಬರಿಯ ಬಣ್ಣ ತಿರುಗಿತು. ಶ್ರೀಧರ ಈಗ ಮಂದಾಕಿನಿಯನ್ನು ತವರಿಗೆ ಕಳಿಸುವುದಿಲ್ಲ, ಊಟ ಕೆಡುತ್ತದೆಂದು. ನೆರೆಯವರಿಗೆ ಒಂದು ಬಟ್ಟಲು ಪಲ್ಯ ಕೊಟ್ಟರೆ ಅವನಿಗೆ ಸಹಿಸದು, ಆ ಕೈ ತನ್ನದೆಂದು. ಅಂಕ ಇಳಿಯುತ್ತ ಬರುತ್ತದೆ. ಅಂಕ ಇಳಿದಂತೆ ಅವಳ ಊಟ ಇಳಿಯುತ್ತದೆ, ಅದನ್ನು ಅವನು ನೋಡುವುದಿಲ್ಲ. ಒಂದು ಕಡೆ, ಅವಳ ಬಳೆಗಳು ಮಣಿಕಟ್ಟಿನಿಂದ ಮೊಣಕೈ ತನಕ ಜಾರತೊಡಗಿದವು ಎಂದು ಬರೆದಿತ್ತು.

ನಾನು ಪುಸ್ತಕದಿಂದ ತಲೆ ಎತ್ತಿದೆ. ಆ ಮುಂಜಾನೆ ವಿಮಲಾ ಮೇಲಿನ ಮಾಡದ ಡಬ್ಬಿಗೆ ಕೈ ಚಾಚಿದಾಗ ಬಳೆಗಳು ಝಣ್ ಎಂದು ಮೊಣಕೈಗೆ ಜಾರಿದ್ದವು. ನಾನು ನೋಡಿದ್ದೆ. ನೋಡಿ ಪೇಪರಿಗೆ ಮರಳಿದ್ದೆ.

ಎದ್ದು ಮನೆಗೆ ಹೋಗಬೇಕಾಗಿತ್ತು. ಹೋಗಲಿಲ್ಲ, ಮುಂದೆ ಓದಿದೆ. ಮಂದಾಕಿನಿಯ ನಾಲಿಗೆ ಸಾಯುತ್ತದೆ. ಸಿಹಿ ಖಾರ ಯಾವುದೂ ತಿಳಿಯದಾಗುತ್ತದೆ. ಅವಳು ಹಿತ್ತಿಲಿನಲ್ಲಿದ್ದ, ಬೇರಿನಿಂದ ಎಲೆಯ ತನಕ ವಿಷವೇ ಆದ ಬಿಳಿ ಕಣಗಿಲೆ ಗಿಡವನ್ನು ದಿನವೂ ನಿಂತು ನೋಡತೊಡಗುತ್ತಾಳೆ. ಕೊನೆಯ ಅಧ್ಯಾಯಕ್ಕೆ ಮೊದಲಿನ ಪುಟದಲ್ಲಿ ಅವಳು ಹಬ್ಬವಿಲ್ಲದ ದಿನ ಗಂಡನಿಗೆ ಇಷ್ಟವಾದ ಗೋಧಿ ಹುಗ್ಗಿ ಮಾಡಿ, ತುಪ್ಪ ಬಿಟ್ಟು, ಮುಂದಿಟ್ಟು, 'ಉಣ್ಣಿರಿ' ಅನ್ನುತ್ತಾಳೆ. ಅಲ್ಲಿಗೆ ಪುಟ ಮುಗಿಯುತ್ತದೆ. ನಾನು ಪುಸ್ತಕ ಮುಚ್ಚಿದೆ. ಎದುರಿಗೆ ಒಂದು ರೈಲು ಬಂದು ಖಾಲಿಯಾಗಿ ಮತ್ತೆ ತುಂಬಿ ಹೊರಟುಹೋಯಿತು. ಕೊನೆಯ ಅಧ್ಯಾಯ ತೆರೆಯುವ ಧೈರ್ಯ ನನಗಾಗಲಿಲ್ಲ. ಮನೆಗೆ ಬರುವಾಗ ನಮ್ಮ ಕಟ್ಟಡದ ಗೇಟಿನ ಪಕ್ಕ ಬೇಲಿಯುದ್ದಕ್ಕೂ ಕಣಗಿಲೆ ಇರುವುದನ್ನು ಮೊದಲ ಬಾರಿಗೆ ಕಂಡಂತೆ ಕಂಡೆ. ಬಿಳಿಯದು. ವಿಮಲಾ ಪೂಜೆಗೆ ದಿನವೂ ಅಲ್ಲಿಂದಲೇ ಹೂವು ತರುತ್ತಾಳೆ.

ಮರುದಿನ ನಾನು ಮಾಡಿದ ಕೆಲಸ ಓದುಗರು ಕ್ಷಮಿಸುವಂಥದ್ದಲ್ಲ, ಬರೆಯುವವರಂತೂ ಕ್ಷಮಿಸರು. ಪುಸ್ತಕವನ್ನು ಕಣ್ಣ ಮುಂದೆ ಹಿಡಿದು, ಅದರಲ್ಲಿ ಇಲ್ಲದ್ದನ್ನು ಓದಿದೆ. ಶ್ರೀಧರ ಮಂದಾಕಿನಿಯನ್ನು ಯಾತ್ರೆಗೆ ಕರೆದೊಯ್ದ. ಅವಳಿಗೆ ಹೊಸ ಸೀರೆ ಕೊಡಿಸಿದ. ಸೀರೆಯ ವರ್ಣನೆ ನನ್ನ ಬಾಯಲ್ಲಿ ತಾನಾಗಿ ಬಂತು, ಉಳಿದದ್ದು ಬಹಳ ಕಷ್ಟವಾಯಿತು. ಮಾತು ಸಾಲದೆ ಇಬ್ಬರನ್ನೂ ನಾಂಪಲ್ಲಿಯ ವಾರ್ಷಿಕ ವಸ್ತುಪ್ರದರ್ಶನವಾದ ನುಮಾಯಿಷ್‌ಗೆ ಕರೆತಂದು ಮಿರ್ಚಿ ಭಜಿ ತಿನ್ನಿಸಿದೆ, ರಾಟೆ ತೊಟ್ಟಿಲು ಹತ್ತಿಸಿದೆ. ಮಂದಾಕಿನಿ ನಕ್ಕಳು. ಮತ್ತೆ ನಕ್ಕಳು.

ವಿಮಲಾ ರೊಟ್ಟಿ ತಿರುವಿ ಹಾಕುತ್ತ, "ಮನ್ನಿ ತನಕಾ ಈಕಿ ಏನರ ಮಾತಾಡತಿದ್ದಳು. ಈಗ ಬರೇ ನಗಾಕತ್ತಾಳಲ್ರಿ," ಅಂದಳು.

"ಸುಖದಾಗ ಇದ್ದವ್ರು ಹಂಗ," ಅಂದೆ.

"ಹೌದೇನು? ನನಗ ಗೊತ್ತಿಲ್ಲ ಬಿಡ್ರಿ," ಅಂದಳು.

ಪುಸ್ತಕವನ್ನು ಟಿವಿಯ ಹಿಂದೆ ಇಟ್ಟೆ. ಅಡಗಿಸಿದೆ ಎಂದು ಬರೆದರೆ ಸರಿ. ಹಾಗೇ ಎರಡು ಮೂರು ದಿನ ನನ್ನ ಸುಳ್ಳು ಕಾದಂಬರಿ ಕುಂಟುತ್ತ ನಡೆಯಿತು. ಊಟಕ್ಕೆ ಅಂಕ ಕೊಡುವುದನ್ನು ನಿಲ್ಲಿಸಿದ್ದೆ. ಅವಳು ಏನಿಟ್ಟರೂ "ಚೊಲೊ ಆಗೇತಿ" ಅನ್ನುತ್ತಿದ್ದೆ, ಉಪ್ಪಿಲ್ಲದ ಸಾರಿಗೂ. ನನ್ನ 'ಚ್' ನಿಂತದ್ದನ್ನು ಅವಳು ಗಮನಿಸಿದಳೆಂದು ಅವಳು ತಿರುಗಿ ನೋಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಎರಡೂ ಬಾರದವನು ಮನೆಯಲ್ಲಿ ಹೇಗೆ ಓಡಾಡಬೇಕೆಂದು ಗಾದೆ ಹೇಳುವುದಿಲ್ಲ.

ಆಮೇಲೆ ಆ ದಿನ ಬಂತು. ಹಬ್ಬವಿಲ್ಲ, ಹುಣ್ಣಿಮೆಯಿಲ್ಲ, ಮನೆಗೆ ಬರುವವರಿಲ್ಲ. ಸ್ನಾನ ಮಾಡಿ ಹೊರಬಂದರೆ ಮನೆ ತುಂಬ ಬೆಲ್ಲ ಏಲಕ್ಕಿಯ ಘಮ. ದೇವರ ಮುಂದೆ ಬಿಳಿ ಕಣಗಿಲೆ ಹೂವು, ಕೆಳಗೆ ಎಡೆ. ಅವಳು ಮಣೆ ಹಾಕಿ ತಾಟಿನಲ್ಲಿ ಬಟ್ಟಲಿಟ್ಟು ತುಪ್ಪ ಬಿಟ್ಟಳು.

"ಉಣ್ರಿ," ಅಂದಳು.

ಇದು ನಾನು ಮೊದಲೇ ಹೇಳಿದ ಬೆವರಿನ ಹೊತ್ತು. ನನ್ನ ಬುದ್ಧಿಗೆ ಎಲ್ಲ ಗೊತ್ತಿತ್ತು. ಇವಳು ವಿಮಲಾ. ಇರುವೆ ಸಾಲಿಗೆ ನೀರು ತಾಗದ ಹಾಗೆ ನೆಲ ಒರೆಸುವವಳು. ಆದರೆ ಬುದ್ಧಿ ತಲೆಯಲ್ಲಿತ್ತು, ಕೈ ತಾಟಿನ ಅಂಚಿನಲ್ಲಿ ನಿಂತಿತ್ತು. ಭಾನುವಾರ ದೂಡಿದ್ದೂ ಇದೇ ತಾಟನ್ನೇ. ಒಬ್ಬ ಹೆಣ್ಣುಮಗಳನ್ನು ಇಷ್ಟು ವರ್ಷ ಹೀಗೆ ನಡೆಸಿಕೊಂಡವನಿಗೆ ಅವಳ ಕೈಯ ಹುಗ್ಗಿಯನ್ನು ನಂಬುವ ಹಕ್ಕಿದೆಯೇ ಎಂದು ಒಳಗಿನಿಂದ ಯಾರೋ ಕೇಳುತ್ತಿದ್ದರು. ಹೆದರಿದ್ದು ಹುಗ್ಗಿಗಲ್ಲ, ಆ ಪ್ರಶ್ನೆಗೆ ಇರಬೇಕು. ಆದರೆ ಆಗ ಅಷ್ಟು ವಿವೇಕ ಎಲ್ಲಿತ್ತು? ಬಾಯಿಂದ ಬಂದದ್ದು ಇದು:

"ನೀನೂ ಬಾ, ಕೂಡು. ಮೊದಲ ನೀ ತಿನ್ನು."

ಅವಳು ಸೌಟು ಹಿಡಿದೇ ನಿಂತಳು. ಬಾ ಕೂಡು ಎಂಬ ಮಾತು ನನ್ನ ಬಾಯಿಂದ ಅವಳು ಕೇಳಿದ್ದು ಅದೇ ಮೊದಲು. ಎಷ್ಟು ಸಲ ಕಾದಿದ್ದಳೋ. ಕೊನೆಗೆ ಬಂತು, ಹೀಗೆ ಬಂತು.

"ಯಾಕ್ರಿ," ಅಂದಳು ಮೆಲ್ಲಗೆ, "ಕಣಗಿಲಿ ಗಿಡದ ಪುಟ ನೆನಪಾತೇನು?"

ನಾನು ತಾಟು ಬಿಟ್ಟು ಅವಳನ್ನು ನೋಡಿದೆ. "ನಿನಗ ಓದಾಕ ಎಲ್ಲಿ ಬರ್ತೈತಿ?"

"ತೆಲುಗು ಬರ್ತೈತಲ್ರಿ. ಅಕ್ಷರ ಎಲ್ಲಾ ಅವ ಅದಾವ, ತಲಿ ಮ್ಯಾಲಿನ ರುಮಾಲು ಅಷ್ಟ ಬ್ಯಾರೆ ಸುತ್ಯಾವ. ಮದುವಿ ಆದ ವರ್ಷನ ಕಲತೀನಿ. ನೀವು ಕೇಳಲಿಲ್ಲ, ನಾ ಹೇಳಲಿಲ್ಲ. ನೀವು ಓದೂದು ಕೇಳಾಕ ಚಂದ ಇರತಿತ್ತು." ಸೌಟು ಕೆಳಗಿಟ್ಟು ಅಂದಳು: "ಅಕಿ ರಾಟಿ ಹತ್ತಿದ ಕೂಡಲೇ ಸಂಶೇ ಬಂತು. ಟಿವಿ ಹಿಂದಿನ ಧೂಳು ನಾನ ಒರಸ್ತೀನಿ, ಅದು ಮರತ್ರೇನು? ಎಲ್ಲಾ ಓದೀನಿ. ಅಕಿ ಕಥಿ ನನ್ನಿಂದ ಯಾಕ ಮುಚ್ಚಿಟ್ರಿ? ನನ್ನ ಕಥಿ ಆಗೇತಿ ಅಂತ ನಿಮಗೂ ಅನಿಸ್ತಿಲ್ಲೋ?"

ನಾನು ಉತ್ತರ ಕೊಡುವ ಮೊದಲೇ ಅವಳು ಎದುರಿಗೆ ಕೂತು, ನನ್ನ ಬಟ್ಟಲನ್ನೇ ತನ್ನತ್ತ ಎಳೆದುಕೊಂಡು, ಚಮಚ ತುಂಬ ಹುಗ್ಗಿ ಬಾಯಿಗಿಟ್ಟಳು. ಇನ್ನೊಂದು ಚಮಚ. ನಾನು ನೋಡುತ್ತಿದ್ದೆ. ನನ್ನ ಹೆಂಡತಿ ಹೀಗೆ ಉಣ್ಣುತ್ತಾಳೆ ಎಂದು ಕೂತು ನೋಡುತ್ತಿದ್ದೆ. ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಬಟ್ಟಲನ್ನು ಹಿಂದಕ್ಕೆ ಸರಿಸಿ, "ತಿನ್ರಿ ಈಗ. ಇನ್ನೂ ಜೀವಂತ ಅದೀನಿ," ಎಂದು ನಕ್ಕಳು.

ನಾಚಿಕೆಯಿಂದ ತಲೆ ತಗ್ಗಿಸಿ ಒಂದು ಚಮಚ ಬಾಯಿಗಿಟ್ಟೆ. ಉಪ್ಪು. ಬೆಲ್ಲದ ರುಚಿ ಎದ್ದು ಕಾಣಲೆಂದು ಹುಗ್ಗಿಗೆ ಒಂದು ಚಿಟಿಕೆ ಹಾಕುತ್ತಾರಲ್ಲ, ಅದನ್ನು ಹಾಕಿದ್ದು ಮರೆತು ಮತ್ತೆ ಮತ್ತೆ ಹಾಕಿದ್ದಳೋ ಏನೋ. ಗಂಟಲಿಗಿಳಿಯದಷ್ಟು ಉಪ್ಪು. ನಾಲಿಗೆ 'ಚ್' ಅನ್ನಲು ಅಂಗುಳಕ್ಕೆ ಹೋಗಿ ಅಲ್ಲೇ ಅಂಟಿಕೊಂಡಿತು. ಇದೇ ಹುಗ್ಗಿಯನ್ನು ಅವಳು ಈಗತಾನೆ ಎರಡು ಚಮಚ ತಿಂದಿದ್ದಳು.

"ವಿಮಲಾ, ನಿನಗ ತಿಳೀಲಿಲ್ಲೇನು?"

"ಏನು?" ಅಂದವಳು ನನ್ನ ಮುಖ ನೋಡಿದಳು. ನಗು ಹೋಯಿತು. "ಉಪ್ಪು ಎಷ್ಟಾತ್ರಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. ಆ ಜ್ವರ ಇಳಿದ ದಿನದಿಂದ ಅವಳಿಗೆ ವಾಸನೆ ಇಲ್ಲ, ರುಚಿ ಇಲ್ಲ. ಬೆಲ್ಲವೂ ಒಂದೇ, ಮಣ್ಣೂ ಒಂದೇ. ಬರುತ್ತದೆ ಬರುತ್ತದೆ ಎಂದು ಕಾದಳು, ಬರಲಿಲ್ಲ. ಮೊದಲಿನಿಂದಲೂ ಮೂಗಿನ ಲೆಕ್ಕದ ಮೇಲೆ ಅಡಿಗೆ ಮಾಡಿದವಳು ಈಗ ಬರೀ ನೆನಪಿನ ಮೇಲೆ ಮಾಡುತ್ತಿದ್ದಳು. ಉಣ್ಣಲು ಮನಸ್ಸೇ ಬಾರದೆ ಅರ್ಧ ರೊಟ್ಟಿಗೆ ಕೈತೊಳೆಯುತ್ತಿದ್ದಳು.

"ನನಗ್ಯಾಕ ಹೇಳಲಿಲ್ಲ?"

"ಹೇಳಾಕ ಎಲ್ಲಿ ಸಂದು ಇತ್ರಿ? ನಾ ಬಾಯಿ ತೆರಿಯೂದರಾಗ ನಿಮ್ಮ 'ಚ್' ಬಂದು ಕುಂದರತಿತ್ತು."

ಆ ಹುಗ್ಗಿಯನ್ನು ನಾನು ಪೂರ್ತಿ ತಿನ್ನಲು ಹೊರಟೆ. ಪ್ರಾಯಶ್ಚಿತ್ತ ಎಂದುಕೊಂಡು. ಅವಳು ಬಟ್ಟಲು ಕಸಿದುಕೊಂಡಳು. "ಬಿ.ಪಿ. ಗುಳಿಗಿ ನುಂಗಾವರು ಇಷ್ಟು ಉಪ್ಪು ತಿಂದ್ರ ಕಣಗಿಲಿನೇ ಬ್ಯಾಡ. ಏಳ್ರಿ ಸಾಕು."

ಕಿವಿ ಮೂಗು ಗಂಟಲಿನ ಡಾಕ್ಟರರಿಗೆ ತೋರಿಸಿದೆವು. ಬಂದರೂ ಬರಬಹುದು, ಬಾರದೆಯೂ ಇರಬಹುದು ಎಂದರು. ದಿನಾ ಲವಂಗ, ನಿಂಬೆಸಿಪ್ಪೆ ಮೂಸಿ ನೋಡಲು ಹೇಳಿದ್ದಾರೆ. ಅವಳು ಮೂಸುತ್ತಾಳೆ, ನಾನು ಎದುರಿಗೆ ಕೂತು ಮುಖ ನೋಡುತ್ತೇನೆ, ಅವಳು ತಲೆ ಅಲ್ಲಾಡಿಸುತ್ತಾಳೆ. ಒಮ್ಮೆ ಮಾತ್ರ ಲವಂಗ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿದ್ದಳು. ಏನೋ ಬಂತು ಅಂದಳು. ಆಮೇಲೆ, ಇಲ್ಲ ಬಿಡ್ರಿ, ನೆನಪು ಇರಬೇಕು ಅಂದಳು.

ಅಡಿಗೆಮನೆಯ ಕಟ್ಟಳೆಗೆ ಒಂದು ತಿದ್ದುಪಡಿ ಆಗಿದೆ. ದೇವರಿಗೆ ಮೊದಲೇ ಒಂದು ಹರಳು ಬೆಲ್ಲ ಎಡೆ ಇಟ್ಟು ಅಪ್ಪಣೆ ಪಡೆದು, ನಂತರ ಕುದಿಯುವ ಪಾತ್ರೆಯ ಮುಂದೆ ನಾನು ಚಮಚ ಹಿಡಿದು ನಿಲ್ಲುತ್ತೇನೆ. ಉಪ್ಪಿನ ನೌಕರಿ ನನ್ನದು. ಈಗ ಉಪ್ಪು ಹೆಚ್ಚಾದರೆ ತಪ್ಪೂ ನನ್ನದೇ, ಆ ದಿನಗಳಲ್ಲಿ ಅವಳು 'ಚ್' ಅನ್ನುತ್ತಾಳೆ. ಅವಳಿಗೆ ರುಚಿಯಿಲ್ಲದಿದ್ದರೂ ನನ್ನ ಮುಖ ನೋಡಿ ಅನ್ನುತ್ತಾಳೆ. ಇಬ್ಬರೂ ಎದುರುಬದುರು ಕೂತು ಉಣ್ಣುತ್ತೇವೆ. ನಾಲಿಗೆಗೆ ತಿಳಿಯದ್ದು ಕಿವಿಗೆ ತಿಳಿಯುತ್ತದೆಯಂತೆ ಅವಳಿಗೆ. ಕಡಕ್ ರೊಟ್ಟಿ ಮುರಿಯುವ ಸದ್ದು, ಹಸಿ ಸೌತೆಕಾಯಿ, ಹುರಿದ ಶೇಂಗಾ. ಹಾಗಾಗಿ ಸುಲ್ತಾನ್ ಬಜಾರಿಗೆ ಹೋದಾಗ ಈಗ ನಾನು ಬಟ್ಟೆಯ ಅಂಚು ತಿಕ್ಕುವುದಿಲ್ಲ, ಕಟುಮ್ ಎಂದು ಸದ್ದು ಮಾಡುವ ತಿನಿಸು ಹುಡುಕುತ್ತೇನೆ. ಅಂಗಡಿಯವರು ನಾನು ಕಡಲೆಯನ್ನು ಕಿವಿಯ ಹತ್ತಿರ ಹಿಡಿದು ಮುರಿಯುವುದನ್ನು ನೋಡಿ, ಮುದುಕನಿಗೆ ಮರುಳು ಎಂದುಕೊಂಡಿರಬೇಕು. ಬಳೆಗಳು ಇನ್ನೂ ಜಾರುತ್ತವೆ, ಮೊದಲಿನಷ್ಟು ಮೇಲಕ್ಕೆ ಹೋಗುವುದಿಲ್ಲ.

ಕೊನೆಯ ಅಧ್ಯಾಯವನ್ನು ನಾನು ಇವತ್ತಿನ ತನಕ ಓದಿಲ್ಲ. ಪುಸ್ತಕ ಅವಳ ವಶದಲ್ಲಿದೆ, ತೊಗರಿಬೇಳೆಯ ಡಬ್ಬಿಯ ಹಿಂದೆ. ಶ್ರೀಧರ ಹುಗ್ಗಿ ತಿಂದನೋ, ತಿಂದು ಉಳಿದನೋ ಎಂದು ಕೇಳಿದರೆ, "ಮೊದಲ ಊಟಾ ಮಾಡ್ರಿ, ಆಮ್ಯಾಲ ಹೇಳ್ತೀನಿ," ಅನ್ನುತ್ತಾಳೆ. ಊಟವಾದ ಮೇಲೆ ಮರೆತವಳಂತೆ ಎದ್ದುಹೋಗುತ್ತಾಳೆ.

ನಿನ್ನೆ ಮತ್ತೆ ಹುಗ್ಗಿ ಮಾಡಿದ್ದಳು. ಹಬ್ಬವಿರಲಿಲ್ಲ. ದೇವರ ಮುಂದೆ ಅದೇ ಬಿಳಿ ಹೂವು. ಒಲೆಯ ಮುಂದೆ ನಿಂತು ಉಪ್ಪು ನಾನೇ ನೋಡಿದ್ದೆ, ಸರಿಯಾಗಿತ್ತು. ಆದರೂ ಬಟ್ಟಲು ಮುಂದೆ ಬಂದಾಗ ನನ್ನ ಕೈ ಒಂದು ಗಳಿಗೆ ತಡೆಯಿತು. ಅದು ಅವಳ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಇನ್ನೂ ಹೆದರಿಕಿ ಐತೇನ್ರಿ?"

"ಐತಿ," ಅಂದೆ. ಸುಳ್ಳು ಓದುವುದನ್ನು ಬಿಟ್ಟಿದ್ದೇನೆ.

"ಎಷ್ಟು?"

"ಒಂದ ಚಿಟಿಕಿ."

"ಅಷ್ಟು ಇರಲಿ ಬಿಡ್ರಿ," ಅಂದಳು, ರೊಟ್ಟಿಯನ್ನು ಕಟಕ್ಕನೆ ಮುರಿಯುತ್ತ. "ಅಷ್ಟರ ಇರಲಿಲ್ಲ ಅಂದ್ರ ರುಚಿ ಬರೂದಿಲ್ಲ."